ಕೆಂಡ ಕೇಳುವ ದೊರೆ

ಪಾಲಿಬೆಟ್ಟದ ಎಸ್ಟೇಟಿನಲ್ಲಿ ಮಳೆಗೆ ಮರ ಬಿದ್ದು ಕರೆಂಟು ಹೋಗಿತ್ತು. ಮುಸ್ಸಂಜೆಗೇ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಹೆಂಗಸರು ಕುಸುಮಾಳ ಒಲೆಯ ಸುತ್ತ ಸೇರಿದ್ದರು; ಬಾಣಂತಿಯ ಮನೆಯಲ್ಲಿ ಬೆಂಕಿ ಆರುವುದಿಲ್ಲವಲ್ಲ. ಪಕ್ಕದ ಮನೆಯ ಆಶಾರಾಣಿ ಒಂದಿಷ್ಟು ಕೆಂಡ ಕೇಳಿದಳು. ಕುಸುಮಾ ಇಕ್ಕಳ ಎತ್ತಿದ್ದೇ ತಡ, ಸುಮಿತ್ರಮ್ಮಜ್ಜಿ ಅವಳ ಕೈ ಹಿಡಿದರು.

"ದೀಪ ಹಚ್ಚಿದ ಮೇಲೆ ಈ ಲೈನಲ್ಲಿ ಹೊಸ್ತಿಲಾಚೆ ಬೆಂಕಿ ಕೊಡಲ್ಲ ಕಣೇ. ದೊರೆ ದೆವ್ವ ಕಾಯ್ತಿರ್ತದೆ."

"ಗ್ಯಾಸ್ ಖಾಲಿ ಅಜ್ಜಿ. ನಿಮ್ಮ ದೆವ್ವ ಸಿಲಿಂಡರ್ ತರ್ತದಾ?" ಆಶಾರಾಣಿ ನಕ್ಕಳು.

"ನಗು, ನಗು. ಕೇಳಿದ ಮೇಲೂ ನಗು, ನೋಡಾಣ."

ಅಪ್ಪ ಭಾರತ ಓದುವುದನ್ನು ಕೇಳುತ್ತ ಬೆಳೆದ ಕುಸುಮಾಳಿಗೆ ಇಂಥ ಮಾತು ನಗೆಯಾಟವಲ್ಲ; ಅವಳು ಇಕ್ಕಳ ಕೆಳಗಿಟ್ಟು, ಶಿವನನ್ನು ನೆನೆದು, ಎಳೆಗೂಸನ್ನು ಮಡಿಲಿಗೆಳೆದುಕೊಂಡಳು.

"ಈ ತೋಟ ಮಾಡಿದ ಬಿಳಿ ದೊರೆ ಇದ್ನಲ್ಲ..." ಅಜ್ಜಿ ಕಥೆ ಶುರು ಮಾಡಿದರು. "ಅವನು ಮೊದಲು ಭೂಮಿಯ ಉತ್ತರದ ತುದಿ ನೋಡ್ತೀನಿ ಅಂತ ಹಡಗು ಕಟ್ಟಿಕೊಂಡು ಹೋಗಿದ್ದೋನು. ಸಮುದ್ರನೇ ಕಲ್ಲಾಗೋ ಜಾಗ ಅದು. ಹಡಗು ಮಂಜುಗಡ್ಡೇಲಿ ಸಿಕ್ಕೊಂಡು, ಹಲಗೆ ಕಿತ್ತು ಉರಿಸಿ, ಕೊನೆಗೆ ಉಳಿದಿದ್ದು ಒಂದೇ ಒಲೆ... ಆ ಒಲೆ ಎತ್ಕೊಂಡು ದೊರೆ ಹೊರಟೇಬಿಟ್ಟ! ಉಳಿದೋರು? ಕೂತಲ್ಲೇ ಮರಗಟ್ಟಿದ್ರು. ಬಿಸಿಲಿನ ದೇಶಕ್ಕೆ ಬಂದ್ರೂ ಅವನ ಮೈ ಬೆಚ್ಚಗಾಗಲಿಲ್ಲ. ಬೇಸಿಗೇಲೇ ಕಂಬಳಿಯೊಳಗೆ ನಡುಗಿ ಸತ್ತ.

"ಆ ಮಳೆಗಾಲ ದೆವ್ವ ಆಗಿ ಲೈನಿಗೆ ಬಂದ... ಕೆಂಡ ಕೊಡಿ ಅಂತ. ಮೊದಲನೇ ಮನೆ ನಿಂಗ ಹೆದರಿ ಕೊಟ್ಟ. ಬೆಳಗಾಗೋದ್ರೊಳಗೆ ಒಲೆ ಬೂದಿ, ಅವನವ್ವ ಹಾಸಿಗೇಲೇ ಸೆಟೆದುಹೋಗಿದ್ಳು. ಮಾರನೇ ಸಂಜೆ ನಮ್ಮ ಮುತ್ತಜ್ಜಿ ಕಾಳಮ್ಮನ ಬಾಗಿಲು. ಅವಳ ಮಡಿಲಲ್ಲೂ ಹಸುಗೂಸು. ಏನು ಮಾಡಿದ್ಳು ಅಂತೀರಿ? ಉರಿಯೋ ಕೊಳ್ಳಿ ಹಿಡ್ಕೊಂಡು ಹೊಸ್ತಿಲ ಮೇಲೆ ನಿಂತ್ಲು. 'ಬದುಕಿದ್ದಾಗ ಕೈ ಮುಗಿದಿದ್ದೆ. ಸತ್ತ ಮೇಲೆ ನೀನ್ಯಾವ ಸೀಮೆ ದೊರೆಯೋ? ನಿನ್ನ ಜನಕ್ಕೆ ಒಂದು ಕೆಂಡ ಉಳಿಸ್ಲಿಲ್ಲ, ನನ್ನ ಕೂಸಿಂದು ಕೇಳೋಕೆ ಬಂದ್ಯಾ? ಕೊಡಲ್ಲ ಹೋಗೋ!' ಗದರಿಸಿದ... ಆಮೇಲೆ ಅತ್ತ. ಅವಳು ಜಗ್ಗಲಿಲ್ಲ. ಕೊನೆಗೆ ಬರಿಗೈಲಿ ಹೋದ."

ಆಶಾರಾಣಿ ನಗಲಿಲ್ಲ. "ಆಮೇಲೆ ಬರ್ಲಿಲ್ವಾ ಅಜ್ಜಿ?"

ಅಜ್ಜಿ ಮಗುವನ್ನೇ ನೋಡುತ್ತಿದ್ದರು. "ಎಳೆಗೂಸಿರೋ ಮನೆ ಬಿಡಲ್ಲ ಅವನು. ಇವತ್ತು ಬೆಳಿಗ್ಗೆ ನಿನ್ನ ಹೊಸ್ತಿಲ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಹಿಮ ಕಟ್ಟಿತ್ತು, ಕುಸುಮಾ... ನಮ್ಮೂರಲ್ಲಿ ಹಿಮ ಎಲ್ಲಿಂದ ಬರ್ಬೇಕು ಹೇಳು? ನೀನು ಹೆದರ್ತೀಯ ಅಂತ ನಾನೇ ಗುಡಿಸಿದೆ."

ಕುಸುಮಾ ಒಲೆಗೆ ಇನ್ನೊಂದು ಸೌದೆ ನೂಕಿ, ಬಾಗಿಲ ಕಡೆಗೆ ತಿರುಗಿ ಕೂತಳು.

"ನಾಳೆ ಗುಡಿಸ್ಬೇಡಿ ಅಜ್ಜಿ. ಅವನು ಬರ್ಲಿ, ನಾನೇ ನೋಡ್ಕೋತೀನಿ."