ಅಂಚಿನಲ್ಲಿದ್ದ ಅರ್ಥ

ಹಾಗೆ ಸುಮ್ಮನೆ ಪುಟ ತಿರುವಬೇಡಿ ಅಕ್ಕ. ಓದಿ. ನಿಮ್ಮ ತಂಗಿಯ ಕೈಬರಹವೇ.

ಯಾಕೆ ನಗ್ತೀರಿ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈ ಇಂಗ್ಲಿಷ್ ಪದ ಎಲ್ಲ ಯಾಕೆ ಅಂತಲಾ? ನಗಿ. ಅವಳೂ ನಗ್ತಿದ್ದಳು.

ಬೈಂಡಿಂಗಿಗೆ ಹಳೇ ಪುಸ್ತಕ ಬರ್ತಿದ್ವಲ್ಲ. ಅವಳದು ಹೊಲಿಗೆ, ನನ್ನದು ರಟ್ಟು. ಹೊಲೀತಾ ಹೊಲೀತಾ ಓದೋಳು. ಇಂಗ್ಲಿಷಿನವರೇ ಮರೆತ ಪದ ಸಿಕ್ಕರೆ ಚೀಟಿಯಲ್ಲಿ ಬರೆದಿಡೋಳು. ಎಡಕ್ಕೆ ಪದ. ಬಲಕ್ಕೆ, ಅಂಚಿಗೆ, ಕನ್ನಡದಲ್ಲಿ ಅರ್ಥ. ಊಟಕ್ಕೆ ಕೂತಾಗ ಒಂದು ಹೇಳೋಳು. 'ಓವರ್‌ಮಾರೋ ಅಂದ್ರೆ ನಾಡಿದ್ದು ಕಣ್ರೀ. ಅವರಿಗೂ ಇತ್ತಂತೆ. ಕಳಕೊಂಡ್ರು, ಪಾಪ!' ನಾನು ಹೂಂ ಅನ್ನೋನು. ಅರ್ಧ ಮನಸ್ಸು ಅನ್ನದ ಮೇಲೆ.

ಹೂಂ... ಬಲಗಡೆ ಏನೂ ಇಲ್ಲ. ಕತ್ತರಿಸಿದ್ದು ನಾನೇ.

ಆ ಚೀಟಿಗಳನ್ನೇ ಸೇರಿಸಿ ಈ ಪುಸ್ತಕ ಕಟ್ಟಿದೆ. ಕೈ ಅಭ್ಯಾಸ ಅಕ್ಕ. ಹೊಲಿದ ಮೇಲೆ ಮೂರು ಬದಿ ಕತ್ತರಿಸಲೇಬೇಕು. ಚೀಟಿ ಒಂದೊಂದು ಒಂದೊಂದು ಅಳತೆ. ತೀರಾ ಚಿಕ್ಕದಕ್ಕೆ ಸಮ ಮಾಡಿ ಮಿಷನ್ನಿನ ಹಿಡಿ ಎಳೆದೆ. ಬಿದ್ದ ಚೂರು ಗುಡಿಸಿ ಮೂಟೆಗೆ ಹಾಕಿದೆ. ಮೂಟೆ ರದ್ದಿಗೆ ಹೋಯ್ತು.

ಅವಳು ಹೋದ ಮೇಲೆ, ಅಕ್ಕ. ಹೋದ ಮೇಲೆ ಕಟ್ಟಿದ್ದು. ಅವಳಿಗೆ ಗೊತ್ತಾಗಲಿಲ್ಲ. ಅದೊಂದು ಪುಣ್ಯ.

ಅದಕ್ಕೇ ಅರ್ಥ ನೀವು ಬರೀರಿ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು... ಏನು, ಇದು ಗೊತ್ತಿಲ್ವಾ? ಇದು? ಇದೂನಾ?... ಇಷ್ಟರಲ್ಲಿ ಒಂದೂ...? ಮೂಲ ಪುಸ್ತಕ ಎಲ್ಲಿಂದ ತರಲಿ ಅಕ್ಕ. ಯಾರ್ಯಾರದೋ. ಒಯ್ದರು.

ಅಲ್ಲಿ ಯಾಕೆ ನಿಲ್ಲಿಸಿದಿರಿ? ಆ ಮೊದಲ ಪುಟಗಳನ್ನ ಬಿಡಿ... ಹೌದು, ಪದದ ಕೆಳಗೆ ಪೆನ್ಸಿಲ್ಲಲ್ಲಿ ಏನೋ ಇದೆ. ಹಳೇದಿರಬೇಕು. ಅವಳ ಅಕ್ಷರ ಅಲ್ಲ ಬಿಡಿ, ಎಷ್ಟು ಸೊಟ್ಟ ಇದೆ...

ಅಕ್ಕ, ಹಾಗೆ ನೋಡಬೇಡಿ. ಬಯ್ಯಿರಿ. ಹೌದು, ಅವಳದೇ ಅಕ್ಷರ.

...ಇದ್ದಳು.

ಕಟ್ಟುವಾಗ ಇನ್ನೂ ಇದ್ದಳು ಅಕ್ಕ. ಹಾಸಿಗೆ ಹಿಡಿದಿದ್ದಳು. ಖುಷಿಯಾಗಲಿ ಅಂತ ಕಟ್ಟಿ ತಂದು ಕೈಗಿಟ್ಟೆ. ತೆರೆದಳು. ಒಂದೊಂದೇ ಪುಟ ನೋಡಿದಳು. ಆಮೇಲೆ ನನ್ನ ಮುಖ ನೋಡಿ, 'ಅಂಚು ಚೆನ್ನಾಗಿ ಬಂದಿದೆ ಕಣ್ರೀ' ಅಂದಳು. ಪೆನ್ಸಿಲ್ ಕೇಳಿದಳು. ಕೊಟ್ಟೆ. ಯಾಕೆ ಅಂತ ಕೇಳಲಿಲ್ಲ.

ಒಂಬತ್ತು ಪದಕ್ಕೆ ಅರ್ಥ ಬರೆದಳು. ಹತ್ತನೇದರ ಕೆಳಗೆ ಬರೀ ಚುಕ್ಕೆ ಇದೆ, ನೋಡಿ. ಪೆನ್ಸಿಲ್ ಊರಿ ಬಹಳ ಹೊತ್ತು ಕೂತಿದ್ದಳು.

ಅವಳಿಗೂ ನೆನಪಾಗಲಿಲ್ಲ.