ಪಿಸ್ಟನ್ನಿನ ನೆತ್ತಿಯ ಕೆಂಪು ಬೊಟ್ಟು

ನಂಬಿಕೆ, ನಂಬಿಕೆ ಅಂತ ಆಗಿನಿಂದ ಪ್ರವಚನ ಹೇಳುತ್ತಿದ್ದೇನೆ, ನೀವು ತಲೆ ಆಡಿಸುತ್ತಿದ್ದೀರಿ. ಆದರೆ ನೋಡಿ, ಅರ್ಧ ಜನರ ಕಿವಿ ಇಲ್ಲಿದೆ, ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲಿದೆ. ಒಬ್ಬ ಅಣ್ಣನಂತೂ ಒಂದು ಚಪ್ಪಲಿ ಬಾಗಿಲ ಬಲಕ್ಕೆ, ಇನ್ನೊಂದು ಎಡಕ್ಕೆ ಬಿಟ್ಟು ಬಂದಿದ್ದಾನೆ. ಕಳ್ಳನಿಗೆ ಜೋಡಿ ಸಿಗಬಾರದಂತೆ! ನಗಬೇಡಿ. ಆ ಅಣ್ಣನಿಗಾಗಿಯೇ ಈ ಕಥೆ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಅವನಿಗೆ ಎರಡು ಹುಚ್ಚು. ಒಂದು ಮೀಸೆ, ಇನ್ನೊಂದು ಕಾರು. ಮೀಸೆ ಎಂಥದ್ದು? ಓಣಿಯ ತಿರುವಿನಲ್ಲಿ ಮೊದಲು ಮೀಸೆ ಬರುತ್ತಿತ್ತು, ಆಮೇಲೆ ಅವನು ಬರುತ್ತಿದ್ದ. ಕಾರು ಎಂಥದ್ದು? ಸಂತೆಗೆ ಹೋಗುವ ಕಾರಲ್ಲ, ರೇಸಿಗೆ ಓಡುವ ಕಾರು. ಆದರೆ ಈಚೆಗೆ ಅದು ಓಡುವುದಕ್ಕಿಂತ ಹೊಗೆ ಬಿಡುವುದೇ ಹೆಚ್ಚಾಗಿತ್ತು. ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಮದುವೆಯೊಂದರ ಪಂಕ್ತಿಯಲ್ಲಿ ಕೆಣಕಿದ: "ಏನ್ರೀ ಅಣ್ಣಾರ, ಕಾರ್ ಇಟ್ಟೀರೋ, ಸೊಳ್ಳಿ ಓಡಸೂ ಮಷಿನ್ ಇಟ್ಟೀರೋ?"

ಪಂಕ್ತಿಯೆಲ್ಲ ಘೊಳ್ ಅಂತು. ಶ್ರೀಮಂತನಿಗೆ ತಡೆಯಲಾಗಲಿಲ್ಲ. "ದೀಪಾವಳಿ ಆದ ಮ್ಯಾಲೆ ಊರ ಹೊರಗ ವಿಮಾನ ಇಳಿಯೂ ಹಳೇ ಪಟ್ಟಿಗೆ ಬಾ. ನಿನ್ನ ಕಾರಿಗೆ ಸೋತ್ರ, ಎಲ್ಲಾರ ಮುಂದ ಈ ಮೀಸಿ ಬೋಳಸ್ತೀನಿ!" ಅಂದ. ಅಂದ ಮೇಲೆ ಮುಗಿಯಿತು. ಆಡಿದ ಮಾತು, ಒಡೆದ ಮುತ್ತು.

ಈಗೇನು ಬೇಕು? ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವ ಮಿಸ್ತ್ರಿ ಬೇಕು. ಬರೀ ಮಿಸ್ತ್ರಿ ಅಲ್ಲ, ನಂಬಿಗಸ್ತ ಮಿಸ್ತ್ರಿ. ಇಂಜಿನ್ನಿನ ಒಳಗಿನ ಅಸಲಿ ಪಿಸ್ಟನ್ ಎತ್ತಿಟ್ಟುಕೊಂಡು ನಕಲಿ ತುರುಕಿದರೆ ತನಗೆ ಹೇಗೆ ತಿಳಿಯಬೇಕು? ಊಟಕ್ಕೆ ಕೂತರೂ ಇದೇ ಚಿಂತೆ. ಬುದ್ಧಿವಂತ ನೋಡಿ, ಯಾರಿಗೂ ಹೇಳದೆ ಹೆಂಡತಿಯ ಕೆಂಪು ನೇಲ್ ಪಾಲಿಶ್ ಬಾಟಲಿಯನ್ನು ಜೇಬಿಗಿಳಿಸಿದ.

ಮೊದಲನೇ ಮಿಸ್ತ್ರಿ ಪಿಸ್ಟನ್‌ಗಳನ್ನು ತೆಗೆದು ಮೇಜಿನ ಮೇಲಿಟ್ಟು ಚಹಾಕ್ಕೆ ಹೋದ. ಮೂಲೆಯಲ್ಲಿ ತಿನ್ನರ್ ತುಂಬಿದ ತೊಟ್ಟಿ. ಆ ವಾಸನೆಗೆ ಒಂದು ಕೈಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಶ್ರೀಮಂತ ಪ್ರತಿ ಪಿಸ್ಟನ್ನಿನ ನೆತ್ತಿಗೂ ಒಂದೊಂದು ಕೆಂಪು ಬೊಟ್ಟು ಇಟ್ಟ. ಮುತ್ತೈದೆಯರಿಗೆ ಕುಂಕುಮ ಇಟ್ಟ ಹಾಗೆ! ಮರುದಿನ ಬಂದು ನೋಡುತ್ತಾನೆ, ಪಿಸ್ಟನ್‌ಗಳು ಥಳಥಳ ಹೊಳೆಯುತ್ತಿವೆ. ಬೊಟ್ಟು? ಇಲ್ಲ. ಒಂದರ ಮೇಲೂ ಇಲ್ಲ. ಓಣಿಗೆಲ್ಲ ಕೇಳುವ ಹಾಗೆ ಕೂಗಿದ:

"ಕಳ್ಳಾ!"

"ಏನಾತ್ರೀ ಸಾಹುಕಾರ್ರ? ನಾ ಏನ್ ಕದ್ದೀನಿ, ಹೇಳ್ರಿ."

"ಏನ್ ಕದ್ದೀ ಅಂತ ನಿನಗ ಗೊತ್ತೈತಿ!"

ಪಾಪ, ಅವನಿಗೆ ಏನು ಗೊತ್ತು? ಶ್ರೀಮಂತ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಎರಡನೇ ಮಿಸ್ತ್ರಿಯ ಬಳಿ ಹೋದ. ಅಲ್ಲೂ ಬೊಟ್ಟು ಇಟ್ಟ. ಅಲ್ಲೂ ಬೊಟ್ಟು ಮಾಯ. ಇವನೂ ಕಳ್ಳ! ಲೋಕವೇ ಕೆಟ್ಟುಹೋಯಿತು ಅಂತ ಹಣೆ ಹಣೆ ಬಡಿದುಕೊಂಡ.

ಮೂರನೆಯವನ ಗ್ಯಾರೇಜಿನ ಬೋರ್ಡು ದೊಡ್ಡದು, ಮಾತು ಇನ್ನೂ ದೊಡ್ಡದು. "ನೀವು ಆರಾಮ ಇರ್ರಿ ಯಜಮಾನ್ರ, ಗಾಡಿ ಅಲ್ಲ, ಬಾಣ ಮಾಡಿ ಕೊಡ್ತೀನಿ" ಅಂದ. ಜೋಡಿಸುವ ಹೊತ್ತಿಗೆ ಶ್ರೀಮಂತ ಬಗ್ಗಿ ನೋಡಿದ. ಆಹಾ! ಇಟ್ಟ ಬೊಟ್ಟು ಇಟ್ಟ ಹಾಗೇ ಇದೆ. ಗೋಣಿಚೀಲದ ಮಣ್ಣೂ ಹಾಗೇ ಇತ್ತು, ಆದರೆ ಅದು ಅವನ ಕಣ್ಣಿಗೆ ಬೀಳಲಿಲ್ಲ. "ಊರಿಗೆಲ್ಲಾ ನೀನೊಬ್ಬನ ಪ್ರಾಮಾಣಿಕ!" ಅಂತ ಅವನ ಕೊರಳಿಗೆ ಹಾರ ಹಾಕಿದ.

ರೇಸಿನ ದಿನ ಷಡ್ಡಕ ಬರುವಾಗ ಕ್ಷೌರದವನನ್ನೂ ಜೊತೆಗೇ ಕರೆತಂದಿದ್ದ. ಕಾರು ಹೊರಟಿತು. ಅರ್ಧ ಪಟ್ಟಿ ದಾಟಲಿಲ್ಲ, ಕಟಕಟ ಅಂತು, ಕರ್ರ್ ಅಂತು, ನಿಂತೇಬಿಟ್ಟಿತು. ಮಣ್ಣು ತಿಂದ ಇಂಜಿನ್ ಒಳಗೇ ಹಿಡಿದುಕೊಂಡಿತ್ತು. ಮುಂದಿನದು ನಾನು ಹೇಳಬೇಕೇ? ಸೋಪು ಹಚ್ಚಿದರು, ಕತ್ತಿ ಆಡಿಸಿದರು.

ಮನೆಯಲ್ಲಿ ಬೋಳು ಮುಖ ಹೊತ್ತು ಕೂತವನ ಬೆರಳಲ್ಲಿ ಕೆಂಪು ಕಲೆ ಕಂಡು ಹೆಂಡತಿ ಹತ್ತಿಗೆ ನೇಲ್ ಪಾಲಿಶ್ ಅಳಿಸುವ ರಿಮೂವರ್ ಹಾಕಿ ಒರೆಸಿದಳು. ಬಣ್ಣ ಹೋಯಿತು. ಶ್ರೀಮಂತ ಬೆರಳು ಮೂಸಿದ. ಇದೇ ವಾಸನೆ! ಆ ತೊಟ್ಟಿಯದೇ ವಾಸನೆ! ಮೊದಲಿನ ಇಬ್ಬರು ಮಿಸ್ತ್ರಿಗಳು ಪಿಸ್ಟನ್ ಬದಲಾಯಿಸಿರಲಿಲ್ಲ, ತಿನ್ನರಿನಲ್ಲಿ ತೊಳೆದಿದ್ದರು. ಅವನಿಗೆ ನಾಚಿಕೆಯಿಂದ ಅಳುವೇ ಬಂತು. ಎಲ್ಲವನ್ನೂ ಹೆಂಡತಿಗೆ ಹೇಳಿದ. ಅವಳು ಕೈಹಿಡಿದು ಎಬ್ಬಿಸಿ ಮೊದಲನೇ ಮಿಸ್ತ್ರಿಯ ಮುಂದೆ ನಿಲ್ಲಿಸಿದಳು. ಮಿಸ್ತ್ರಿ ಮೇಲಿಂದ ಕೆಳಗೆ ನೋಡಿ, "ಯಾರ್ರೀ ಇವರು? ಗುರುತು ಹತ್ತಲಿಲ್ಲ" ಅಂದ.

ಹೆಂಡತಿ ಅಂದಳು: "ಅವರ ರೀ. ನೆತ್ತಿ ಮ್ಯಾಲಿನ ಬೊಟ್ಟು ಹೋದ್ರ ಪಿಸ್ಟನ್ ಬದಲಾತೇನ್ರೀ? ಮೀಸಿ ಅಷ್ಟ ಹೋಗೇದ. ಒಳಗಿನ ಸಾಮಾನು ಅದ ಐತಿ."

ಮಿಸ್ತ್ರಿ ನಗಲಿಲ್ಲ. "ಒಂದ ಮಾತು ಕೇಳಿದ್ರ ಹೇಳ್ತಿದ್ದೆನಲ್ರೀ ಸಾಹುಕಾರ್ರ. ಓಣ್ಯಾಗ ನನ್ನ ಕಳ್ಳ ಅಂದ್ರಿ" ಅಂದ. ಶ್ರೀಮಂತ ಅದೇ ಓಣಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ತಪ್ಪಾಯಿತು ಅಂದ. ಆಮೇಲೆಯೇ ಮಿಸ್ತ್ರಿ ಸ್ಪ್ಯಾನರ್ ಹಿಡಿದದ್ದು.

ಕಥೆ ಅಲ್ಲಿಗೆ ಬಿಡಿ. ಈಗ ನಿಮ್ಮ ಜೇಬು ತೋರಿಸಿ. ಆ ಕೆಂಪು ಬಾಟಲಿ ನಿಮ್ಮ ಹತ್ತಿರ ಇಲ್ಲವೇ? ಸೊಸೆಗೆ ಒಂದು ಬೊಟ್ಟು ಇಟ್ಟಿದ್ದೀರಿ: ನಾನು ಕೇಳದೆಯೇ ಚಹಾ ತರುತ್ತಾಳೋ ನೋಡೋಣ. ಗೆಳೆಯನಿಗೆ ಒಂದು ಬೊಟ್ಟು: ನಾನಂತೂ ಫೋನ್ ಮಾಡುವುದಿಲ್ಲ, ಅವನೇ ಮಾಡುತ್ತಾನೋ ನೋಡೋಣ. ಅವರಿಗೆ ಪರೀಕ್ಷೆ ಇದೆ ಅಂತಲೇ ಗೊತ್ತಿಲ್ಲ, ನೀವು ಆಗಲೇ ಫೇಲ್ ಮಾಡಿ ಕೂತಿದ್ದೀರಿ! ನಿಮ್ಮ ಪರೀಕ್ಷೆಯಲ್ಲಿ ಪಾಸಾಗುವವರು ಯಾರು? ನಿಮ್ಮ ಕೊಳೆ ಮುಟ್ಟದವರು. "ನೀವು ಹೇಳಿದ್ದೇ ಸರಿ" ಅನ್ನುವವರು. ಅವರಿಗೆ ಹಾರ. ಬೈದು, ತಿಕ್ಕಿ, ತೊಳೆದವರಿಗೆ ಕಳ್ಳ ಅನ್ನುವ ಪಟ್ಟ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಯಾರ ಮೇಲೆ ಒಳಗೊಳಗೇ ಅನುಮಾನ ಇಟ್ಟುಕೊಂಡಿದ್ದೀರೋ ಅವರೆದುರು ಕೂತು ಬಾಯಿಬಿಟ್ಟು ಕೇಳಿ: ಹೀಗೆ ಅಂದುಕೊಂಡಿದ್ದೆ, ನಿಜವಾಗಿ ಏನಾಯಿತು? ಕೇಳಿದ ಮೇಲೆ ಅವರ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಬೈದವರನ್ನು ದೂರ ಇಟ್ಟಿದ್ದರೆ ನೀವೇ ಹೋಗಿ ಮಾತಾಡಿಸಿ.

ಮತ್ತೆ ಆ ಚಪ್ಪಲಿಯ ಅಣ್ಣ, ಪ್ರಸಾದ ತಗೊಂಡು ನೀನು ಮೊದಲು ಏಳಪ್ಪಾ, ನಿನಗೆ ಎರಡು ಕಡೆ ಹುಡುಕುವುದಿದೆ. ಒಂದು ಕಾಣದೇ ಹೋದರೆ, ಕಳ್ಳ ಅಂತ ಕೂಗುವ ಮೊದಲು ಪಕ್ಕದವರನ್ನು ಒಂದು ಮಾತು ಕೇಳು.