ಎಡಗೈ ಕಿರಿಬೆರಳು

ಬಾಗಿಲ ಸ್ವಲ್ಪ ಮುಂದಕ್ಕ ಎಳೀರಿ... ಹಾಂ, ಅಷ್ಟು ಸಾಕು. ಇದು ಯಾವುದೋ ದೂರದ ಊರಾಗ ಆದದ್ದಲ್ಲ. ನಮಗೂ ಅವರಿಗೂ ಗ್ವಾಡಿ ಒಂದಾ. ಬಾಜೂ ಮನಿ ಉಚ್ಚಮ್ಮನ ಮಗಳು ಶಿವಲೀಲಾಗ ಆದದ್ದು.

ಆಕಿ ಹಗಲೆಲ್ಲಾ ಆದೋನಿ ಸೀರಿ ಅಂಗಡ್ಯಾಗ ಕೆಲಸಕ್ಕ ನಿಂದ್ರತಿದ್ಲು. ಸಂಜಿಗೆ ಟೈಪಿಂಗ್ ಇನ್‌ಸ್ಟಿಟ್ಯೂಟು. ಲೋಯರ್ ಪಾಸಾಗಿತ್ತು. ಕೋರ್ಟಿನ ನೌಕರಿಗೆ ಅರ್ಜಿ ಹಾಕಬೇಕಂದ್ರ ಇಂಗ್ಲಿಷ್ ಹೈಯರ್ ಬೇಕು, ಅದರ ಪರೀಕ್ಷಾ ಹತ್ರ ಬಂದಿತ್ತು. ಕ್ಲಾಸು ಮುಗಿಸಿ ಪೆದ್ದಕಡುಬೂರಿಗೆ ಹೋಗೋ ಕಡೀ ಬಸ್ಸು ಹಿಡಿದು, ನಮ್ಮೂರ ಕ್ರಾಸಿನ್ಯಾಗ ಇಳಿದು, ಅಲ್ಲಿಂದ ನಡಕೋತ ಬರಬೇಕು. ಎರಡೂ ಕಡೆ ಹತ್ತಿ ಹೊಲ. ನಡುವ ಒಂದು ಹುಣಸಿಗಿಡ. ಗಿಡದ ಬುಡಕ್ಕ ಹಳೇ ಮೆಟ್ಲಬಾವಿ... ನೀರು ಐತಿ. ಯಾರೂ ಸೇದಂಗಿಲ್ಲ.

ಆ ರಾತ್ರಿ ಆಕಿಗೆ ಮೊದಲಾ ಸಿಟ್ಟು ನೆತ್ತಿಗೇರಿತ್ತು. ಇನ್‌ಸ್ಟಿಟ್ಯೂಟಿನ ಸಾರು ಆಕಿ ಟೈಪ್ ಮಾಡಿದ ಹಾಳಿ ನೋಡಿ, ಸ್ಪೀಡ್ ಐತಿ, ತಪ್ಪು ಬಾಳ, ಈ ಸಲ ಕಷ್ಟ ಅಂದಿದ್ದ. ಯಾಕ ತಪ್ಪಾಗ್ತೈತಿ ಅಂತ ಕೇಳಿದ್ರ ಫೋನ್ ಹಿಡಕೊಂಡು ಹೊರಗ ಹೋಗಿದ್ದ. ಮನ್ಯಾಗ ನೋಡಿದ್ರ ಮದಿವಿ ಮಾತು. ಆಕಿ ಅವ್ವನ ತಮ್ಮ ಸುಂಕೇಶ, ಕುರಿ ಸಾಕೋನು, ಅಕ್ಕನ ಮಗಳನ್ನಾ ಮಾಡ್ಕೋತೀನಿ ಅಂತ ಪಟ್ಟು ಹಿಡಿದಿದ್ದ. ಪರೀಕ್ಷಾ ಮುಗಿಯೋತನಕ ಆ ಸುದ್ದಿ ಎತ್ತಬ್ಯಾಡ್ರಿ ಅಂತ ಈಕಿ ಹೇಳಿ ಹೇಳಿ ಸಾಕಾಗಿದ್ಲು.

ಹೆಗಲ ಚೀಲ ಮುಂದಕ್ಕೆಳಕೊಂಡು, ಒಳಗಿನ ರೊಟ್ಟಿ ಡಬ್ಬಿ ಮ್ಯಾಲ ಟೈಪ್ ಮಾಡಿದಂಗ ಬೆರಳು ಬಡಕೋತ ಬರ್ತಿದ್ಲು. ಎ ಎಸ್ ಡಿ ಎಫ್... ಟಕ ಟಕ ಟಕ ಟಕ. ಬಡತ ಅಂದ್ರ ಯಾರದೋ ತಲಿ ಮ್ಯಾಲ ಬಡದಂಗ.

ಗಿಡದ ಹತ್ರ ಬಂದ್ಲು.

ಠಣ್...

ನಿಂತ್ಲು.

ಠಣ್... ಠಣ್... ಅದರ ಹಿಂದ ಒಂದು ನರಳೋ ದನಿ.

ಆ ವಾರವೆಲ್ಲಾ ಊರಾಗ ಇದಾ ಸುದ್ದಿ. ಬಾವ್ಯಾಗಿನ ಹೆಣ್ಣುದೆವ್ವ ಎದ್ದೈತಿ, ಹೊತ್ತು ಮುಳುಗಿದ ಮ್ಯಾಲ ಒಬ್ಬಾಕಿ ಬಂದ್ರ ಬಿಡಂಗಿಲ್ಲ ಅಂತ. ಬ್ಯಾರೇದವರಾಗಿದ್ರ ಓಡ್ತಿದ್ರು. ಆದ್ರ ಕುರಿ ಮನ್ಯಾಗ ಹುಟ್ಟಿದಾಕಿ ಗಂಟಿ ಗುರ್ತು ಹಿಡೀಲಾರಳೇನು? ಅದು ಸುಂಕೇಶನ ಟಗರಿನ ಕೊಳ್ಳಾಗಿನ ಗಂಟಿ. ಒಂದು ಮಗ್ಗಲು ಸೀಳಿ, ದನಿ ಒಡದಿತ್ತು. ಆ ಟಗರಿಗೆ ಈಕೀನಾ ಹುಲ್ಲು ತಿನಿಸ್ಯಾಳ.

ಚಪ್ಲಿ ಕೈಗೆ ತಗೊಂಡ್ಲು. ಗಿಡದ ಹಿಂದಕ್ಕ ಹೋದ್ಲು. ಕರೇ ಕಂಬಳಿ ಮುಸುಕು ಹಾಕ್ಕೊಂಡು ಒಂದು ಆಕಾರ ಕುಂತಿತ್ತು.

"ಮಾವಾ, ಕಂಬಳಿ ತಗಿ," ಅಂದ್ಲು, ಸಣ್ಣ ದನೀಲೆ.

ತಗೀಲಿಲ್ಲ. ಚಪ್ಲಿ ಏಟು ಬಿತ್ತು. ತಗದ.

ದೆವ್ವದ ಹೆಸರು ಹೇಳಿ ಹೆಣ್ಮಗಳ ಹೊಟ್ಟಿ ಮ್ಯಾಲ ಹೊಡೀತೀಯೇನು, ಗಂಡಸಾಗಿದ್ರ ಮನಿ ಬಾಗಿಲಿಗೆ ಬಂದು ಕೇಳಬೇಕಾಗಿತ್ತು ಅಂತ ಬಾಯಿಗೆ ಬಂದಂಗ ಬೈದ್ಲು. ಆತ ತಲಿ ತಗ್ಗಿಸಿದ. ಕಡೀಕ ಅಂದ:

"ನಂದೊಂದಾ ಅಲ್ಲ. ನಿಮ್ಮವ್ವನಾ ಹೇಳ್ಯಾಳ. ಹೆದರಿಸು, ತಾನಾ ಕ್ಲಾಸು ಬಿಡ್ತಾಳ ಅಂತ."

ಆ ಮಾತಿಗೆ ಎತ್ತಿದ ಕೈ ಇಳೀತು. ಬೆಳಿಗ್ಗೆದ್ದು ರೊಟ್ಟಿ ಬಡದು ಡಬ್ಬಿ ಕಟ್ಟೋ ಅವ್ವ. ಹುಷಾರು ಹೋಗಿ ಬಾರವ್ವಾ ಅನ್ನೋ ಅವ್ವ... ಆತನ ಕೈಯಾಗಿನ ಗಂಟಿ ಕಸಗೊಂಡು, ಅದರ ನಾಲಿಗಿ ಬಿಗಿ ಹಿಡಿದು ನಿಂತ್ಲು. ಸುತ್ತ ಗಪ್‌ಚುಪ್. ಹತ್ತಿ ಎಲಿ ಸೈತ ಅಲ್ಲಾಡಲಿಲ್ಲ.

ಆವಾಗ ಕೇಳಿಸ್ತು.

ಟಕ ಟಕ ಟಕ ಟಕ...

ಬಾವಿ ಒಳಗಿಂದ. ಕಲ್ಲಿನ ಮ್ಯಾಲ ಉಗುರು ಬಡದಂಗ. ಒಂದಾ ಸಮ... ಒಂದು ಏಟು ಹೆಚ್ಚಿಲ್ಲ, ಒಂದು ಕಡಿಮಿಲ್ಲ.

"ನಿಲ್ಸದನ್ನ," ಅಂತ ಸುಂಕೇಶ ಪಿಸುಗುಟ್ಟಿದ.

"ನಂದಲ್ಲ."

ಆತ ಆಕಿ ಕೈ ನೋಡಿದ. ಒಂದರಾಗ ಚಪ್ಲಿ, ಒಂದರಾಗ ಗಂಟಿ. ಕಂಬಳಿ ಅಲ್ಲೇ ಒಗದು, ಹೊಲದಾಗ ಬಿದ್ದು ಎದ್ದು ಓಡಿದ.

ಈಕಿ ಓಡಲಿಲ್ಲ. ತಲಿ ಉರೀತಿತ್ತು. ಸಾರು ಆತು, ಅವ್ವ ಆತು, ಮಾವ ಆತು... ಬಾವಿ ಕಡೆ ತಿರುಗಿ ಕೇಳಿದ್ಲು:

"ನೀನೂ ಬ್ಯಾಡ ಅಂತೀಯೇನು?"

ಸದ್ದು ನಿಂತಿತು. ನೀರಾಗ ಒಂದು ಹನಿ ಬಿತ್ತು... ತೊಟ್. ಆಮ್ಯಾಗ ಕೆಳಗಿನ ಮೆಟ್ಲಿನಿಂದ, ಹುಡುಗೀದೂ ಅಲ್ಲ ಮುದುಕೀದೂ ಅಲ್ಲ, ಹಂತಾ ಒಂದು ದನಿ:

"ಎಡಗೈ ಕಿರಿಬೆರಳು... ಸಡ್ಲ ಬೀಳ್ತೈತಿ."

ಮನಿ ಹೆಂಗ ಮುಟ್ಟಿದ್ಲೋ ಆಕಿಗೇ ಗೊತ್ತಿಲ್ಲ.

ಆ ರಾತ್ರಿ ಜಗಳ ಗ್ವಾಡಿ ಆಚೆ ಮಲಗಿದ್ದ ನಾವೂ ಕೇಳೀವಿ. ಉಚ್ಚಮ್ಮ ಅತ್ಲು, ನಿನ್ನ ಒಳ್ಳೇದಕ್ಕಾ ಮಾಡಿದೆ ಅಂದ್ಲು. ಶಿವಲೀಲಾ ಅಳಲಿಲ್ಲ. ಮೂಲ್ಯಾಗ ಕುಂತಿದ್ದ ಅಜ್ಜಿ ಜಂಬಮ್ಮನ್ನ ಹಿಡಿದ್ಲು: ಆ ಬಾವ್ಯಾಗ ಯಾರದಾರ, ಹೇಳು. ಮುದುಕಿ ಎಲಿ ಅಡಿಕಿ ಚೀಲದ ದಾರ ಬಿಚ್ಚತಾ ಕಟ್ಟತಾ ಕುಂತ್ಲು.

"ಆ ಬಾವಿ ಮಾತು ಈ ಮನ್ಯಾಗ ಎತ್ತಬಾರದು," ಅಂದ್ಲು. ಅಷ್ಟಾ. ಮಗ್ಗಲು ಹೊಳ್ಳಿ ಮಲಗಿದ್ಲು.

ಎಲ್ಲಾರಿಗೂ ಗೊತ್ತೈತಿ, ಒಬ್ಬರೂ ಹೇಳಂಗಿಲ್ಲ.

ಮರುದಿನ ಇನ್‌ಸ್ಟಿಟ್ಯೂಟಿನ್ಯಾಗ ತನ್ನ ಹಳೇ ಹಾಳಿ ಹರವಿ ನೋಡಿದ್ಲು. ಎಲ್ಲಾ ಕಡೆ 'ಎ' ಅಕ್ಷರ ಮಸುಕು. 'ಕ್ಯೂ' ಮಸುಕು, 'ಝಡ್' ಅರ್ಧ. ಮೂರೂ ಎಡಗೈ ಕಿರಿಬೆರಳಿನವು. ಸಾರಿಗೆ ಕಾಣದ್ದು ಬಾವ್ಯಾಗಿನದಕ್ಕ ಕಂಡಿತ್ತು.

ಅವತ್ತು ರಾತ್ರೀನೂ ಅದಾ ದಾರಿ. ಬ್ಯಾರೆ ದಾರಿ ಎಲ್ಲೈತಿ? ಹಲ್ಲು ಕಚ್ಚಿ, ಡಬ್ಬಿ ಬಡಕೋತಾನಾ ಬಂದ್ಲು. ಬಾವಿ ಹತ್ರ ಬರೋದ್ರಾಗ ಒಳಗಿಂದ ಶುರುವಾತು... ಟಕಟಕಟಕಟಕ. ಈಕಿಗಿಂತ ಜೋರು. ಈಕಿ ಜೋರು ಮಾಡಿದ್ರ ಅದು ಇನ್ನೂ ಜೋರು. ಈಕಿ ತಪ್ಪಿದ್ರ ಅದು ನಿಂತು ಕಾಯೋದು. ಹೆದರಿಕಿ ಆಗಲಿಲ್ಲೇನು ಅಂತ ನಾ ಕೇಳೀನಿ. ಆಗ್ತಿತ್ತು, ಆದ್ರ ಸೋಲೋದು ಅದಕ್ಕಿಂತ ಕೆಟ್ಟದ್ದು ಅನಸ್ತಿತ್ತು ಅಂದ್ಲು. ಪರೀಕ್ಷಾ ಬರೋತನಕ ದಿನಾ ಅದರ ಕೂಡ ಪಂತ ಕಟ್ಟಿದಂಗ ಬಡದ್ಲು. ಆ ಕಿರಿಬೆರಳು ಬಾತು ಹಣ್ಣಾಗಿತ್ತು, ನಾನಾ ನೋಡೀನಿ. ಸುಂಕೇಶನ ಕಂಬಳಿ ಅಲ್ಲೇ ಮಣ್ಣು ಹಿಡೀತಾ ಬಿದ್ದಿತ್ತು. ತರಾಕ ಆತ ಹೋಗಲಿಲ್ಲ.

ಪರೀಕ್ಷಾ ದಿನ ಟೈಪ್ ಮಷೀನುಗಳನ್ನ ಆಟೋದಾಗ ಹೇರಿ ಕಾಲೇಜಿಗೆ ಒಯ್ದರು. ಶುರು ಅನ್ನೋದ್ರಾಗ ಇಡೀ ಪರೀಕ್ಷಾ ಹಾಲು ತಗಡಿನ ಮ್ಯಾಲ ಆಣಿಕಲ್ಲು ಬಿದ್ದಂಗ ಆತು. ಅಷ್ಟು ಗದ್ದಲದಾಗೂ ತನ್ನ ಬೆನ್ನ ಹಿಂದ ಒಂದು ಬಡತ ಬ್ಯಾರೇನಾ ಕೇಳಿಸ್ತು ಆಕಿಗೆ. ಒಂದಾ ಸಮ. ಅದೇ. ಹೊಳ್ಳಿ ನೋಡಲಿಲ್ಲ. ನೋಡಿದ್ರ ಸಾಲು ತಪ್ಪತೈತಿ. ಅವ್ವನ್ನ, ಮಾವನ್ನ, ಸಾರನ್ನ ಒಬ್ಬೊಬ್ಬರನ್ನಾ ನೆನಸಿ ನೆನಸಿ ಬಡದ್ಲು. ಟಿಂಗ್... ಸರ್ರ್... ಟಿಂಗ್... ಸರ್ರ್. ಆ ಹಾಲಿನ್ಯಾಗ ಎಲ್ಲಾರಿಗಿಂತ ಮೊದಲು ಮುಗೀತು ಅಂತ ಆಕಿ ಕೈ ಎತ್ತಿದ್ಲು. ಆವಾಗ ಹೊಳ್ಳಿದ್ಲು. ಹಿಂದ ಗ್ವಾಡಿ.

ಡಿಸ್ಟಿಂಕ್ಷನ್ ಬಂತು. ಇನ್‌ಸ್ಟಿಟ್ಯೂಟಿನ ಸಾರು ಆಕಿ ಫೋಟೋ ಬೋರ್ಡಿಗೆ ಹಾಕ್ತೀನಿ ಅಂದ್ರ, ಬ್ಯಾಡ ಅಂದು ಬಂದ್ಲು. ಉಚ್ಚಮ್ಮ ಓಣಿಗೆಲ್ಲಾ ಸಕ್ರಿ ಹಂಚಿದ್ಲು. ಮಗಳ ಕೈಗೂ ಇಟ್ಲು. ಮಗಳು ಅದನ್ನ ಇರುವಿಗೆ ಸುರುವಿ ಒಳಗ ಹೋದ್ಲು. ಇವತ್ತಿಗೂ ತಾಯಿ ಮಗಳ ನಡುವ ಮಾತು ಎಷ್ಟು ಬೇಕೋ ಅಷ್ಟಾ.

ಆಮ್ಯಾಗ ಸರ್ಟಿಫಿಕೇಟ್ ತರಾಕ ಹೊಂಟಿದ್ಲು. ಸುಡು ಸುಡು ಹಗಲು. ಕ್ರಾಸಿನ್ಯಾಗ ಈಕಿ ಒಬ್ಬಾಕಿನಾ ಬಸ್ಸು ಹತ್ತಿದ್ದು. ಹೆಣ್ಮಕ್ಕಳಿಗೆ ಈಗ ಬಸ್ಸಿನ್ಯಾಗ ರೊಕ್ಕ ಇಲ್ಲ, ಆಧಾರ್ ತೋರಿಸಿದ್ರ ಸೊನ್ನಿ ಟಿಕೆಟ್ ಕೊಡ್ತಾರ, ಗೊತ್ತಲ್ಲ. ಕಂಡಕ್ಟರ್ ಬಂದು ನಿಂತ. ಈಕಿ ಚೀಲದಾಗ ಹುಡುಕಾಡಾಕ ಹತ್ತಿದ್ಲು. ಆತ ತೆಲುಗಿನ್ಯಾಗ, ಬ್ಯಾಸರ ಮಾಡ್ಕೊಂಡು ಅಂದ:

"ಆಕೀದು ನೋಡಿದೆ. ನಿಂದು ತೋರಸು, ಲಗೂನ."

ಬಾಜೂ ಸೀಟು ಖಾಲಿ ಇತ್ತು.

ಈಕಿ ಕಾರ್ಡು ತೋರಿಸಿದ್ಲು. ಆತ ಟಿಕೆಟ್ ಹರದು ಕೊಟ್ಟು ಮುಂದಕ್ಕ ಹೋದ. ಖರೇನಾ ಹೇಳ್ತೀನಿ, ಶಿವಲೀಲಾ ಸುಳ್ಳು ಹೇಳೋ ಹುಡುಗಿ ಅಲ್ಲ. ಸಂಜಿಗೆ ಬಂದು ನಮ್ಮ ಕಟ್ಟಿ ಮ್ಯಾಲ ಕುಂತು ತೋರಿಸಿದ್ಲು, ನಾನಾ ಕೈಯಾಗ ಹಿಡಿದು ನೋಡೀನಿ... ಎರಡು ಟಿಕೆಟ್ ಇದ್ದವು.